ಕಡಲಿನ ನೀರು ಧೂಮಕೇತು ತಂದದ್ದೇ?

ಪ್ರಶ್ನೆ: ಕನ್ನಂಬಾಡಿ ಕಟ್ಟೆ ತುಂಬಿದೆ ಅಂತ ಮನೆಮಂದಿ ನೋಡಲು ಹೋಗಿದ್ದೆವು. ಭೂಮಿಗೆ ಮೊದಲು ನೀರು ಬಂದದ್ದು ಎಲ್ಲಿಂದ ಎಂದು ಮಗಳು ಕೇಳಿದಳು. ಧೂಮಕೇತುಗಳು ತಂದವು ಎಂದು ಶಾಲೆಯಲ್ಲಿ ಓದಿದ ನೆನಪು. ಈಗಲೂ ಅದೇ ಉತ್ತರವೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಧೂಮಕೇತುಗಳದ್ದೂ ಒಂದಿಷ್ಟು ಪಾಲಿರಬಹುದು. ಆದರೆ ಹೆಚ್ಚಿನ ನೀರು ಕಲ್ಲಿನೊಳಗಿಂದ ಬಂತು ಎಂಬ ಕಡೆಗೆ ಈಗ ಸಾಕ್ಷ್ಯ ವಾಲಿದೆ.

ಕಟ್ಟೆ 124.80 ಅಡಿ ತುಂಬಿದರೆ ಹಿಡಿಯುವುದು ಸುಮಾರು 49.45 ಟಿಎಂಸಿ, ಅಂದರೆ 1.4 ಘನ ಕಿಲೋಮೀಟರ್. ಕಡಲುಗಳಲ್ಲಿರುವುದು ಅಂಥ 95 ಕೋಟಿ ಕಟ್ಟೆಗಳ ನೀರು. ಹಾಗಿದ್ದೂ ಭೂಮಿಯ ಒಟ್ಟು ತೂಕದಲ್ಲಿ ಅದು ಶೇ. 0.023 ಮಾತ್ರ. ಭೂಮಿಯಾದ ಕಲ್ಲಿನಲ್ಲಿ ಚೂರುಪಾರು ಜಲಜನಕ ಇದ್ದಿದ್ದರೂ ಸಾಕು, ಕಡಲು ತುಂಬುತ್ತದೆ.

ನೀರಿನ ಊರು ಪತ್ತೆಯಾಗುವುದು ಅದರ ಜಲಜನಕದಿಂದ. ಕಡಲ ನೀರಿನಲ್ಲಿ ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ, ಅಂದರೆ ಎರಡರಷ್ಟು ತೂಕದ ಜಲಜನಕ, ಇರುತ್ತದೆ. ಸೂರ್ಯ ಹುಟ್ಟಿದ ಅನಿಲದ ಮೋಡದಲ್ಲಿ ಇದ್ದದ್ದು ಸುಮಾರು 50,000ಕ್ಕೆ ಒಂದು. ನೀರು ತಂದ ವಸ್ತು ಯಾವುದೇ ಇರಲಿ, ಅದರ ಲೆಕ್ಕ ಕಡಲಿನದಕ್ಕೆ ತಾಳೆಯಾಗಬೇಕು.

ಅಳೆಯುವ ಕೆಲಸ ನಾಜೂಕಿನದು. ಉಲ್ಕಾಶಿಲೆಯ ಪುಡಿಯನ್ನು ಮೊದಲು ನಿರ್ವಾತದಲ್ಲಿ ಹದವಾಗಿ ಬಿಸಿ ಮಾಡಿ, ನೆಲಕ್ಕೆ ಬಿದ್ದ ಮೇಲೆ ಅದು ಹೀರಿದ ತೇವವನ್ನು ಓಡಿಸಬೇಕು. ಇಲ್ಲದಿದ್ದರೆ ಅಳೆಯುವುದು ನಮ್ಮ ಗಾಳಿಯ ನೀರನ್ನೇ. ಕಡಲಿಗೆ ತಾಳೆಯಾಯಿತು ಎಂದು ಮೋಸಹೋಗುವುದು ಇಲ್ಲೇ. ಆಮೇಲೆ ಜೋರಾಗಿ ಕಾಯಿಸಿ, ಹೊರಬಂದ ಜಲಜನಕವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ತೂಕ 2 ಇರುವ ಅಣುಗಳನ್ನೂ 3 ಇರುವವನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ಆದರೆ ಯಂತ್ರದೊಳಗೇ ಮೂರು ಸಾಮಾನ್ಯ ಜಲಜನಕಗಳು ಕೂಡಿದ ಅಯಾನು ಹುಟ್ಟುತ್ತದೆ, ಅದರ ತೂಕವೂ 3. ಅದನ್ನು ಕಳೆಯದೆ ಬಿಟ್ಟರೆ ಡ್ಯೂಟೀರಿಯಂ ಸುಳ್ಳೇ ಏರುತ್ತದೆ.

ಧೂಮಕೇತುಗಳ ಲೆಕ್ಕ ಏರುಪೇರಾಗಿದೆ. 2011ರಲ್ಲಿ ಹಾರ್ಟ್ಲಿ–2ರ ನೀರು ಕಡಲಿಗೆ ಹತ್ತಿರ ಬಂತು. 2014ರಲ್ಲಿ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಬಳಿ ಅಳೆದಾಗ ಸಿಕ್ಕಿದ್ದು ಮೂರು ಪಟ್ಟಿಗೂ ಹೆಚ್ಚು ಡ್ಯೂಟೀರಿಯಂ. ಧೂಳಿಗೆ ಅಂಟಿದ ಮಂಜುಗಡ್ಡೆ ಆ ಅಳತೆಯನ್ನು ಏರಿಸಿತ್ತು ಎಂದು 2024ರ ಮರುಪರಿಶೀಲನೆ ಹೇಳಿತು. ಅದಕ್ಕೇ ಒಂದೇ ಧೂಮಕೇತುವನ್ನು ನಂಬಿ ತೀರ್ಪು ಕೊಡಬಾರದು.

ಇಂಗಾಲ ಹೆಚ್ಚಿರುವ ಉಲ್ಕಾಶಿಲೆಗಳು ಚೆನ್ನಾಗಿ ತಾಳೆಯಾಗುತ್ತವೆ. ಕೆಲವುಗಳ ತೂಕದಲ್ಲಿ ಶೇ. 10ರಷ್ಟು ನೀರೇ ಇದೆ, ಖನಿಜದೊಳಗೆ ಬೆಸೆದುಕೊಂಡು. ಇನ್ನೂ ದೊಡ್ಡ ಅಚ್ಚರಿ 2020ರದ್ದು. ಭೂಮಿ ಯಾವ ಬಗೆಯ ಕಲ್ಲಿನಿಂದ ಆಯಿತು ಎನ್ನುತ್ತೇವೋ ಆ ಎನ್‌ಸ್ಟಟೈಟ್ ಉಲ್ಕಾಶಿಲೆಗಳು ಒಣಕಲು ಎಂದೇ ಎಲ್ಲರೂ ತಿಳಿದಿದ್ದರು. ಅಳೆದು ನೋಡಿದರೆ, ಕಡಲಿನ ಮೂರು ಪಟ್ಟು ನೀರಿಗೆ ಸಾಲುವಷ್ಟು ಜಲಜನಕ ಅವುಗಳಲ್ಲಿತ್ತು. ಕರಗಿದ ಕಲ್ಲಿನಲ್ಲಿ ಅದು ಆಮ್ಲಜನಕದ ಜೊತೆ ಕೂಡಿ, ಹಬೆಯಾಗಿ ಹೊರಬಂದು, ಭೂಮಿ ತಣಿದ ಮೇಲೆ ಮಳೆಯಾಗಿ ಸುರಿಯಿತು.

ಪ್ರಶ್ನೆ: ಹಾಗಾದರೆ ಶುಕ್ರನಲ್ಲೇಕೆ ನೀರಿಲ್ಲ?
– ಓದುಗರೊಬ್ಬರು, ಮದ್ದೂರು

ಉತ್ತರ: ಬಂದಿದ್ದ ನೀರನ್ನು ಅದು ಕಳೆದುಕೊಂಡಿತು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಹಗುರ ನೀರು ತುಸು ಬೇಗ ಹಬೆಯಾಗುತ್ತದೆ, ಉಳಿದದ್ದರಲ್ಲಿ ಭಾರದ್ದರ ಪಾಲು ಕೂದಲೆಳೆಯಷ್ಟು ಏರುತ್ತದೆ. ಶುಕ್ರನಲ್ಲಿ ಬಿಸಿಲು ಹಬೆಯನ್ನು ಒಡೆದು, ಹಗುರ ಜಲಜನಕ ಬಾಹ್ಯಾಕಾಶಕ್ಕೆ ಹಾರಿಹೋಯಿತು, ಭಾರದ್ದು ಹಿಂದುಳಿಯಿತು. ಅಲ್ಲಿ ಉಳಿದಿರುವ ಅಷ್ಟಿಷ್ಟು ಹಬೆಯಲ್ಲಿ ಡ್ಯೂಟೀರಿಯಂ ಪಾಲು ನಮ್ಮ ಕಡಲಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು.