ಒಥೆಲೊದು ಹಿತ್ತಾಳೆ ಕಿವಿ ಅಂತ ನನಗೆ ಅನಿಸುವುದಿಲ್ಲ

ಶೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದ ಬಗ್ಗೆ ನೀವು ಕೇಳಿರುವುದು ಎರಡು ಪ್ರಶ್ನೆ. ಅಷ್ಟು ದೊಡ್ಡ ಸೇನಾಪತಿ ಒಥೆಲೊ, ಯಾರೋ ಕಿವಿ ಊದಿದ್ದಕ್ಕೆ ಹೆಂಡತಿಯನ್ನೇ ಕೊಲ್ಲುತ್ತಾನಲ್ಲ, ಅವನೇನು ದಡ್ಡನಾ? ಮತ್ತೆ, ಕಿವಿ ಊದಿದ ಆ ಇಯಾಗೊಗೆ ಅಷ್ಟೊಂದು ಹಗೆ ಯಾಕೆ? ಮೊದಲನೆಯದರ ಬಗ್ಗೆ ನಾನು ಜನರ ಜೊತೆ ತುಂಬಾ ವಾದ ಮಾಡಿದ್ದೇನೆ, ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಈ ನಾಟಕ ಓದದವರಿಗೆ ಕಥೆ ಇಷ್ಟು. ವೆನಿಸ್‌ನ ಸೇನಾಪತಿ ಒಥೆಲೊ ಹೊರಗಿನಿಂದ ಬಂದವನು, ಕಪ್ಪು ಮೈಬಣ್ಣದ ಮೂರ್ (ಉತ್ತರ ಆಫ್ರಿಕಾ ಕಡೆಯವರನ್ನು ಹಾಗೆ ಕರೆಯುತ್ತಿದ್ದರು). ಅಲ್ಲಿನ ಸೆನೆಟರ್ ಬ್ರಬಾನ್ಶಿಯೊನ ಮಗಳು ಡೆಸ್ಡಿಮೋನಳನ್ನು ಅಪ್ಪನಿಗೆ ಗೊತ್ತಿಲ್ಲದೆ ಮದುವೆಯಾಗುತ್ತಾನೆ. ತುರ್ಕರ ದಾಳಿ ತಡೆಯಲು ಎಲ್ಲರೂ ಸೈಪ್ರಸ್‌ಗೆ ಹೋಗುತ್ತಾರೆ. ಒಥೆಲೊ ಲೆಫ್ಟಿನೆಂಟ್ ಹುದ್ದೆಯನ್ನು ಕ್ಯಾಸಿಯೊಗೆ ಕೊಟ್ಟಿರುತ್ತಾನೆ. ಅದು ಸಿಗದ ಇಯಾಗೊ, ಡೆಸ್ಡಿಮೋನಳಿಗೂ ಕ್ಯಾಸಿಯೊಗೂ ಸಂಬಂಧ ಇದೆ ಅಂತ ಒಥೆಲೊನ ತಲೆಗೆ ಹುಳ ಬಿಡುತ್ತಾನೆ. 1604ರ ನವೆಂಬರ್ 1ರಂದು ಇಂಗ್ಲೆಂಡಿನ ರಾಜನ ಮುಂದೆ ಇದನ್ನು ಆಡಿದ ದಾಖಲೆ ಇದೆ.

ಈಗ ಮೊದಲು ಒಂದು ವಿಷಯ ಗಮನಿಸಿ. ಇಯಾಗೊನನ್ನು ನಂಬಿದವನು ಒಥೆಲೊ ಒಬ್ಬನೇ ಅಲ್ಲ. ನಾಟಕದಲ್ಲಿ ಎಲ್ಲರೂ ನಂಬುತ್ತಾರೆ. ಕೆಲಸ ಕಳೆದುಕೊಂಡ ಕ್ಯಾಸಿಯೊ ಸಲಹೆ ಕೇಳಲು ಬರುವುದು ಅವನ ಹತ್ತಿರ. ರೊಡೆರಿಗೊ ಎಂಬ ಶ್ರೀಮಂತ ಅವನಿಗೆ ದುಡ್ಡು ಸುರಿಯುತ್ತಲೇ ಇರುತ್ತಾನೆ. ಗಂಡ ಎಲ್ಲರೆದುರು ಕೆನ್ನೆಗೆ ಹೊಡೆದ ಮೇಲೆ ಡೆಸ್ಡಿಮೋನ ಮಂಡಿಯೂರಿ 'ನನ್ನ ಗಂಡನ ಮನಸ್ಸು ಮತ್ತೆ ಗೆಲ್ಲುವುದು ಹೇಗೆ, ನೀನೇ ಹೇಳು' ಅಂತ ಅಳುವುದೂ ಇಯಾಗೊನ ಮುಂದೆಯೇ. ಅವನ ಸ್ವಂತ ಹೆಂಡತಿ, ಡೆಸ್ಡಿಮೋನಳ ಸೇವಕಿ ಎಮಿಲಿಯಾ, 'ಯಾವನೋ ನೀಚ, ಯಾವುದೋ ಹುದ್ದೆಯ ಆಸೆಗೆ ಈ ಚಾಡಿ ಹೇಳಿದ್ದಾನೆ, ಬೇಕಾದರೆ ನನ್ನನ್ನು ಗಲ್ಲಿಗೆ ಹಾಕಿ' ಅಂತ ಅವನೆದುರೇ ಕೂಗುತ್ತಾಳೆ. ಊಹೆ ನೂರಕ್ಕೆ ನೂರು ಸರಿ. ಆ ನೀಚ ಪಕ್ಕದಲ್ಲೇ ನಿಂತಿದ್ದಾನೆ ಅಂತ ಮಾತ್ರ ಹೊಳೆಯುವುದಿಲ್ಲ. 'ಅಂಥವರೆಲ್ಲ ಎಲ್ಲಿರುತ್ತಾರೆ, ಸಾಧ್ಯವೇ ಇಲ್ಲ' ಅಂತ ಅವನು ಉತ್ತರ ಕೊಡುತ್ತಾನೆ ಬೇರೆ! ಹೆಂಡತಿಗೇ ಗೊತ್ತಾಗದ್ದು ಒಥೆಲೊಗೆ ಗೊತ್ತಾಗಬೇಕಿತ್ತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ?

ಎರಡನೆಯದು ಅವನ ವಿಧಾನ. ನಮಗೆ ಚಾಡಿ ಅಂದರೆ ಮಂಥರೆ ನೆನಪಾಗುತ್ತಾಳೆ. ಆದರೆ ಅವಳು ಕೈಕೇಯಿಗೆ ಬಾಯಿಬಿಟ್ಟೇ ಹೇಳಿಕೊಟ್ಟಳು. ಇಯಾಗೊ ಹೇಳುವುದೇ ಇಲ್ಲ, ಎದುರಿನವನ ಬಾಯಲ್ಲೇ ಹೇಳಿಸುತ್ತಾನೆ. ಮೂರನೇ ಅಂಕದ ಮೂರನೇ ದೃಶ್ಯ ತೆಗೆದು ನೋಡಿ. ಕ್ಯಾಸಿಯೊ ಕುಡಿದು ಗಲಾಟೆ ಮಾಡಿ ಕೆಲಸ ಕಳೆದುಕೊಂಡಿದ್ದಾನೆ (ಕುಡಿಸಿದವನು ಇಯಾಗೊ), ಡೆಸ್ಡಿಮೋನಳ ಹತ್ತಿರ ಶಿಫಾರಸು ಕೇಳಲು ಬಂದಿದ್ದಾನೆ (ಕೇಳು ಅಂದವನೂ ಇಯಾಗೊ), ಅಷ್ಟರಲ್ಲಿ ದೂರದಲ್ಲಿ ಒಥೆಲೊ ಬರುವುದು ಕಂಡು ಮುಖ ತೋರಿಸಲಾಗದೆ ಜಾಗ ಖಾಲಿ ಮಾಡುತ್ತಾನೆ. ಆಗ ಇಯಾಗೊ ತನ್ನಷ್ಟಕ್ಕೇ ಅನ್ನುವ ಹಾಗೆ 'ಛೆ, ಇದು ಸರಿ ಕಾಣಲಿಲ್ಲ' ಅನ್ನುತ್ತಾನೆ. ಏನಂದೆ ಅಂತ ಕೇಳಿದರೆ, 'ಏನಿಲ್ಲ ಸ್ವಾಮಿ'. ಈಗ ಹೋದದ್ದು ಕ್ಯಾಸಿಯೊ ಅಲ್ವಾ ಅಂದರೆ, 'ಕ್ಯಾಸಿಯೊನಾ? ಇರಲಿಕ್ಕಿಲ್ಲ, ನಿಮ್ಮನ್ನು ನೋಡಿ ಅವನ್ಯಾಕೆ ಕಳ್ಳನ ಹಾಗೆ ಜಾರಿಕೊಳ್ಳುತ್ತಾನೆ?'

ನೋಡಿ, ಅವನು ಕ್ಯಾಸಿಯೊ ಪರವಾಗಿಯೇ ಮಾತಾಡುತ್ತಿದ್ದಾನೆ! ಸ್ವಲ್ಪ ಹೊತ್ತಿನ ಮೇಲೆ 'ನೀವು ಪ್ರೀತಿಸುತ್ತಿದ್ದಾಗ ಕ್ಯಾಸಿಯೊಗೆ ಗೊತ್ತಿತ್ತಾ?' ಅಂತ ಒಂದು ಪ್ರಶ್ನೆ. ಗೊತ್ತಿತ್ತು, ಯಾಕೆ? ಸುಮ್ನೆ ಕೇಳಿದೆ. ಅವನು ಪ್ರಾಮಾಣಿಕ ಅಲ್ವಾ? ಪ್ರಾಮಾಣಿಕನಾ, ಸ್ವಾಮಿ? ನಿನಗೇನನಿಸುತ್ತೆ? ಅನಿಸುವುದಾ, ಸ್ವಾಮಿ? ಕೇಳಿದ ಪ್ರಶ್ನೆಯ ಬಾಲವನ್ನೇ ತಿರುಗಿಸಿ ಕೊಡುತ್ತಾ ಹೋಗುತ್ತಾನೆ, ಒಥೆಲೊಗೆ ತಲೆ ಕೆಟ್ಟು, ಒಳಗೇನೋ ಮುಚ್ಚಿಟ್ಟಿದ್ದೀಯ, ಹೇಳು ಅಂತ ತಾನೇ ಗೋಗರೆಯುವ ತನಕ. ಶೇಕ್ಸ್‌ಪಿಯರ್‌ನ ಅದೇ ಕಾಲದ 'ಕಿಂಗ್ ಲಿಯರ್' ನಾಟಕದಲ್ಲಿ ಎಡ್ಮಂಡ್ ಎಂಬ ಖಳ ಮಾಡುವುದೂ ಇದನ್ನೇ. ಅಣ್ಣನ ಮೇಲೆ ತಪ್ಪು ಹೊರಿಸಲು ತಾನೇ ಬರೆದ ಸುಳ್ಳು ಪತ್ರವನ್ನು ಅಪ್ಪನಿಗೆ ಕಾಣುವ ಹಾಗೆ ಗಡಿಬಿಡಿಯಿಂದ ಜೇಬಿಗೆ ತುರುಕುತ್ತಾನೆ. ಏನದು ಅಂದರೆ, 'ಏನಿಲ್ಲ ಸ್ವಾಮಿ'. ನಾವು ಕಾಡಿ ಬೇಡಿ ಹೊರಗೆಳೆದ ಮಾತಿನ ಮೇಲೆ ನಮಗೆ ಅನುಮಾನ ಬರುವುದು ಕಷ್ಟ.

ಆಮೇಲೆ ಇಯಾಗೊ ಒಂದು ನಿಜ ಹೇಳುತ್ತಾನೆ. 'ನಿಮ್ಮನ್ನು ಮದುವೆಯಾಗುವಾಗ ಅವಳು ಅಪ್ಪನಿಗೆ ಮೋಸ ಮಾಡಿದಳು.' ಹೌದು, ಮಾಡಿದ್ದಳು. ಅಪ್ಪನಿಗೆ ಮೋಸ ಮಾಡಿದವಳು ನಿನಗೂ ಮಾಡಿಯಾಳು ಅಂತ ಬ್ರಬಾನ್ಶಿಯೊನೇ ತುಂಬಿದ ಸಭೆಯಲ್ಲಿ ಹೇಳಿ ಹೋಗಿದ್ದ. ಜೊತೆಗೆ, ನಮ್ಮೂರಿನ ಹೆಂಗಸರು ನನಗೆ ಗೊತ್ತು ಸ್ವಾಮಿ, ದೇವರಿಗೆ ಕಂಡದ್ದನ್ನು ಗಂಡಂದಿರಿಗೆ ಕಾಣಿಸುವುದಿಲ್ಲ ಅನ್ನುತ್ತಾನೆ. ಒಥೆಲೊ ಇಲ್ಲೇ ಬೀಳುವುದು. ಯುದ್ಧದ ಬಗ್ಗೆ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ವೆನಿಸ್‌ನ ಮನೆಗಳ ಒಳಗೆ ಏನು ನಡೆಯುತ್ತದೆ ಅಂತ ಹೊರಗಿನವನಿಗೆ ಏನು ಗೊತ್ತು? ನಾನು ಕಪ್ಪು, ನಯವಾಗಿ ಮಾತಾಡಲು ಬರುವುದಿಲ್ಲ, ವಯಸ್ಸೂ ಆಯಿತು ಅಂತ ಉಳಿದದ್ದನ್ನು ಅವನೇ ಸೇರಿಸಿಕೊಳ್ಳುತ್ತಾನೆ. ಅವಳು ತಪ್ಪು ಮಾಡಿದಳು ಅಂತ ಇಯಾಗೊ ಇನ್ನೂ ಒಂದು ಸಲವೂ ನೇರವಾಗಿ ಹೇಳಿಲ್ಲ.

ಇನ್ನು ಕರವಸ್ತ್ರದ ಕಥೆ. ಒಥೆಲೊ ಡೆಸ್ಡಿಮೋನಳಿಗೆ ಕೊಟ್ಟ ಮೊದಲ ಉಡುಗೊರೆ ಅದು, ಅದು ಕ್ಯಾಸಿಯೊನ ಹತ್ತಿರ ಇದೆ ಅನ್ನುವುದೇ ಅವಳ ವಿರುದ್ಧದ ಸಾಕ್ಷಿಯಾಗುತ್ತದೆ. 1693ರಲ್ಲೇ ಥಾಮಸ್ ರೈಮರ್ ಅನ್ನುವ ವಿಮರ್ಶಕ, ಒಂದು ಕರವಸ್ತ್ರಕ್ಕೆ ಇಷ್ಟು ರಾದ್ಧಾಂತವಾ ಅಂತ ನಕ್ಕಿದ್ದ. ಅದು ಬೀಳುವುದು ಹೇಗೆ ಅನ್ನುವುದನ್ನು ಮಾತ್ರ ತುಂಬಾ ಜನ ಗಮನಿಸುವುದಿಲ್ಲ. ಒಥೆಲೊ ತಲೆನೋವು ಅನ್ನುತ್ತಾನೆ. ಡೆಸ್ಡಿಮೋನ ಅದೇ ಕರವಸ್ತ್ರ ತೆಗೆದು ಹಣೆಗೆ ಕಟ್ಟಲು ಹೋಗುತ್ತಾಳೆ. ಇದು ಸಾಲದು ಅಂತ ಅವನು ಸರಿಸುತ್ತಾನೆ, ಅದು ಕೆಳಗೆ ಬೀಳುತ್ತದೆ, ಬಿಡು ಅಂದು ಅವಳನ್ನು ಒಳಗೆ ಕರೆದುಕೊಂಡು ಹೋಗುತ್ತಾನೆ. ಅಂದರೆ ಆಮೇಲೆ ಯಾವುದನ್ನು 'ಎಲ್ಲಿ, ಎಲ್ಲಿ' ಅಂತ ಕೇಳಿ ಅವಳ ಜೀವ ತಿನ್ನುತ್ತಾನೋ ಅದು ಬಿದ್ದದ್ದು ಅವನದೇ ಕೈಯಿಂದ, ಅವನ ಕಾಲ ಬುಡದಲ್ಲಿ. ಎಮಿಲಿಯಾ ಅದನ್ನು ಎತ್ತಿ ಗಂಡನಿಗೆ ಕೊಡುತ್ತಾಳೆ (ಅವನು ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಹಾಕಿ ಬರುತ್ತಾನೆ), ಒಡತಿ ಕೇಳಿದಾಗ ಗೊತ್ತಿಲ್ಲ ಅಂದುಬಿಡುತ್ತಾಳೆ. ಕ್ಯಾಸಿಯೊ ಅದರಲ್ಲಿ ಗಡ್ಡ ಒರೆಸಿಕೊಳ್ಳುವುದನ್ನು ಕಂಡೆ ಅಂತ ಇಯಾಗೊ ಶುದ್ಧ ಸುಳ್ಳು ಹೇಳುವ ಹೊತ್ತಿಗೆ ಒಥೆಲೊ ಅರ್ಧ ತೀರ್ಮಾನ ಮಾಡಿ ಆಗಿರುತ್ತದೆ.

ಹಾಗಾದರೆ ಒಥೆಲೊದು ಏನೂ ತಪ್ಪಿಲ್ಲವಾ? ಇದೆ, ದೊಡ್ಡದೇ ಇದೆ. ಅವನು ಕ್ಯಾಸಿಯೊನನ್ನು ಒಂದು ಮಾತು ಕೇಳುವುದಿಲ್ಲ. ಎಮಿಲಿಯಾಳನ್ನು ಕೇಳುತ್ತಾನೆ, ಅವಳು ಆಣೆ ಮಾಡಿ ಹೇಳಿದರೂ ನಂಬುವುದಿಲ್ಲ. ದೃಶ್ಯಗಳನ್ನು ಜೋಡಿಸಿ ಎಣಿಸಿದರೆ ಸೈಪ್ರಸ್‌ನಲ್ಲಿ ಎರಡು ದಿನವೂ ಪೂರ್ತಿ ಕಳೆದಿರುವುದಿಲ್ಲ. ಅಲ್ಲಿಗೆ ಬರುವಾಗ ಕ್ಯಾಸಿಯೊ ಒಂದು ಹಡಗು, ಡೆಸ್ಡಿಮೋನ ಇನ್ನೊಂದು ಹಡಗು. ಯಾವಾಗ ನಡೆಯಿತು ಇದೆಲ್ಲ ಅಂತ ಒಂದು ನಿಮಿಷ ಕೂತು ಯೋಚಿಸಿದ್ದರೆ ಸಾಕಿತ್ತು. ಆದರೆ ಅನುಮಾನ ಬಂದರೆ ಅಲ್ಲೇ ತೀರ್ಮಾನ ಅನ್ನುವ ಜಾತಿ ಅವನು, ಹಾಗಂತ ಅವನೇ ಹೇಳಿಕೊಳ್ಳುತ್ತಾನೆ. ರಣರಂಗದಲ್ಲಿ ಅದು ಗುಣ. 'ಆ ಕರವಸ್ತ್ರ ನಿನಗೆ ಹೇಗೆ ಸಿಕ್ಕಿತು?' ಅಂತ ಕೊನೆಗೂ ಕ್ಯಾಸಿಯೊನನ್ನು ಕೇಳುತ್ತಾನೆ. ನನ್ನ ಕೋಣೆಯಲ್ಲಿ ಬಿದ್ದಿತ್ತು ಅನ್ನುತ್ತಾನೆ ಕ್ಯಾಸಿಯೊ. ಅಷ್ಟು ಹೊತ್ತಿಗೆ ಹೆಂಡತಿ ಹಾಸಿಗೆಯ ಮೇಲೆ ಹೆಣವಾಗಿದ್ದಾಳೆ.

ಇನ್ನು ಇಯಾಗೊನ ಹಗೆ. ಇದು ಕಾರಣವೇ ಇಲ್ಲದ ಕೇಡು, ಅವನು ಸುಮ್ನೆ ಕಾರಣ ಹುಡುಕಿಕೊಳ್ಳುತ್ತಾನೆ ಅಂತ ಕವಿ ಕೋಲ್‌ರಿಜ್ ಬರೆದ ಮಾತು ಪ್ರಸಿದ್ಧ. ನಾನು ಅರ್ಧ ಒಪ್ಪುತ್ತೇನೆ. ಶೇಕ್ಸ್‌ಪಿಯರ್ ಈ ಕಥೆ ಎತ್ತಿಕೊಂಡದ್ದು 1565ರಲ್ಲಿ ಅಚ್ಚಾದ ಚಿಂಥಿಯೊನ ಇಟಾಲಿಯನ್ ಕಥೆಗಳಿಂದ. ಅಲ್ಲಿ ಖಳ ಡೆಸ್ಡಿಮೋನಳ ಮೇಲೆ ಆಸೆಪಟ್ಟು, ಅವಳು ಒಲಿಯದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಾನೆ, ಕಾರಣ ಸ್ಪಷ್ಟ. ಶೇಕ್ಸ್‌ಪಿಯರ್ ಆ ಕಾರಣವನ್ನು ಬದಿಗೆ ಸರಿಸಿ ನಾಲ್ಕೈದು ಸಣ್ಣ ಕಾರಣ ಇಟ್ಟ. ಹುದ್ದೆ ಸಿಗಲಿಲ್ಲ. ಒಥೆಲೊ ನನ್ನ ಹೆಂಡತಿ ಜೊತೆ ಇದ್ದ ಅಂತ ಊರಲ್ಲಿ ಮಾತಿದೆ, ನಿಜವೋ ಸುಳ್ಳೋ ಗೊತ್ತಿಲ್ಲ, ನಿಜ ಅಂತಲೇ ಇಟ್ಟುಕೊಂಡು ನಡೆಯುತ್ತೇನೆ. ಕ್ಯಾಸಿಯೊ ಮೇಲೂ ಅದೇ ಅನುಮಾನ. ಅಂದರೆ ಒಥೆಲೊಗೆ ಅಂಟಿಸುವ ರೋಗ ಮೊದಲು ಇರುವುದು ಇವನಿಗೇ.

ಇಷ್ಟರಲ್ಲಿ ನಾನು ನಂಬುವುದು ಐದನೇ ಅಂಕದ ಶುರುವಿನಲ್ಲಿ ಬರುವ ಒಂದು ಮಾತನ್ನು. ಕತ್ತಲಲ್ಲಿ ರೊಡೆರಿಗೊನ ಕೈಯಲ್ಲಿ ಕ್ಯಾಸಿಯೊನನ್ನು ಕೊಲ್ಲಿಸಲು ನಿಂತಿರುವಾಗ, ಯಾರು ಸತ್ತರೆ ತನಗೆ ಲಾಭ ಅಂತ ಲೆಕ್ಕ ಹಾಕುತ್ತಾ, ಕ್ಯಾಸಿಯೊ ಬದುಕಿದರೆ ಅವನ ದಿನದಿನದ ಬಾಳಿನಲ್ಲೇ ಒಂದು ಚೆಲುವಿದೆ, ಅದರ ಮುಂದೆ ನಾನು ಕುರೂಪಿಯಾಗಿ ಕಾಣುತ್ತೇನೆ ಅನ್ನುತ್ತಾನೆ. ಉಳಿದ ಕಾರಣಗಳನ್ನೆಲ್ಲ ಅವನು ರೊಡೆರಿಗೊಗೋ ತನಗೇ ತಾನೋ ವಾದ ಮಾಡಿ ಒಪ್ಪಿಸುತ್ತಿರುತ್ತಾನೆ. ಇದನ್ನು ಹೇಳುವಾಗ ಯಾರನ್ನೂ ಒಪ್ಪಿಸಲು ಹೊರಟಿಲ್ಲ, ಲೆಕ್ಕದ ನಡುವೆ ಬಾಯಿ ತಪ್ಪಿ ಬಂದಿದೆ.