ಕೈಯಳತೆಯ ಉಪಗ್ರಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕೆಲವು ವಿದ್ಯಾರ್ಥಿಗಳು ಸೇರಿ ಕ್ಯೂಬ್‌ಸ್ಯಾಟ್ ಎಂಬ ಘನಾಕಾರದ ಪುಟ್ಟ ಉಪಗ್ರಹವನ್ನು ಕಟ್ಟುವ ತಂಡವನ್ನು ಆರಂಭಿಸಬೇಕೆಂದಿದ್ದೇವೆ. ಎಲ್ಲರೂ ಹತ್ತು ಸೆಂಟಿಮೀಟರಿನ ಘನದ ಅಳತೆಯನ್ನೇ ಏಕೆ ಪಾಲಿಸುತ್ತಾರೆ?
– ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ

ಉತ್ತರ: ಈ ಅಳತೆಯನ್ನು 1999ರಲ್ಲಿ ಅಮೆರಿಕದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಜೋರ್ಡಿ ಪ್ವಿಗ್-ಸ್ವಾರಿ ಮತ್ತು ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ರೂಪಿಸಿದರು. ವಿದ್ಯಾರ್ಥಿಯೊಬ್ಬ ತನ್ನ ಓದಿನ ಅವಧಿಯೊಳಗೆ ಉಪಗ್ರಹವೊಂದನ್ನು ಕಟ್ಟಿ ಮುಗಿಸುವಂತಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ತೂಕದ ಮಿತಿ ಮೊದಲು ಒಂದು ಕಿಲೋ ಇತ್ತು, ಈಗ ಒಂದು ಘಟಕಕ್ಕೆ, ಅಂದರೆ ಒಂದು ಘನಕ್ಕೆ, ಎರಡು ಕಿಲೋವರೆಗೆ ಅವಕಾಶವಿದೆ; ಎರಡು, ಮೂರು ಘಟಕಗಳನ್ನು ಜೋಡಿಸಿ ಉದ್ದನೆಯ ಉಪಗ್ರಹ ಮಾಡುವುದೂ ಉಂಟು. ಅಳತೆಗಿಂತ ಮುಖ್ಯವಾದದ್ದು ಉಪಗ್ರಹವನ್ನು ಹೊತ್ತೊಯ್ಯುವ ಪೆಟ್ಟಿಗೆ. ಕ್ಯೂಬ್‌ಸ್ಯಾಟ್ ರಾಕೆಟ್ಟಿಗೆ ನೇರವಾಗಿ ಅಂಟಿಕೊಳ್ಳದೆ, ಸ್ಪ್ರಿಂಗ್ ಇರುವ ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ಕುಳಿತು ಹೋಗುತ್ತದೆ. ಒಳಗೇನಾದರೂ ಸಡಿಲವಾದರೂ ಅದು ಪೆಟ್ಟಿಗೆಯೊಳಗೇ ಉಳಿಯುವುದರಿಂದ, ಅನುಭವವಿಲ್ಲದ ಕೈಗಳು ಕಟ್ಟಿದ ವಸ್ತುವನ್ನೂ ದುಬಾರಿ ಉಪಗ್ರಹದ ಪಕ್ಕದಲ್ಲಿ ಒಯ್ಯಲು ರಾಕೆಟ್ಟಿನವರು ಒಪ್ಪುತ್ತಾರೆ. ನೀವು ಅಳತೆಯನ್ನು ಮೀರಿದರೆ ಈ ಅನುಕೂಲವನ್ನು ಕಳೆದುಕೊಳ್ಳುತ್ತೀರಿ.

ಪ್ರಶ್ನೆ: ವಿದ್ಯಾರ್ಥಿಗಳ ಉಪಗ್ರಹಗಳು ಅನೇಕ ವೇಳೆ ಕಕ್ಷೆ ಸೇರಿದ ಕೂಡಲೇ ಮೌನವಾಗುತ್ತವೆ ಎಂದು ಕೇಳಿದ್ದೇನೆ. ಇದಕ್ಕೆ ಬಾಹ್ಯಾಕಾಶದ ವಿಕಿರಣ ಕಾರಣವೇ?
– ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ

ಉತ್ತರ: ಮೌನವಾಗುವುದು ನಿಜ. ಮೊದಲ ಕ್ಯೂಬ್‌ಸ್ಯಾಟ್‌ಗಳ ಗುಂಪು 2003ರ ಜೂನ್ 30ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಒಂದೇ ರಾಕೆಟ್ಟಿನಲ್ಲಿ ಮೇಲೇರಿತು. ಅದರಲ್ಲಿದ್ದ ಟೋಕಿಯೊ ವಿಶ್ವವಿದ್ಯಾಲಯದ ಎಕ್ಸ್‌ಐ-4 ಹತ್ತು ವರ್ಷ ದಾಟಿದ ಮೇಲೂ ಸಂಕೇತ ಕಳುಹಿಸುತ್ತಿತ್ತು. ಜೊತೆಗೇ ಹೋದ ಡೆನ್ಮಾರ್ಕಿನ ಡಿಟಿಯುಸ್ಯಾಟ್‌ನಿಂದ ಒಂದು ಸಂಕೇತವೂ ಬರಲಿಲ್ಲ. ಆದರೆ ಆರಂಭದ ದಿನಗಳಲ್ಲೇ ಆಗುವ ಮೌನಕ್ಕೆ ವಿಕಿರಣವನ್ನು ದೂರುವ ಮೊದಲು ವಿದ್ಯುತ್ ವ್ಯವಸ್ಥೆ ಮತ್ತು ರೇಡಿಯೊ ಎರಡನ್ನೂ ಪರೀಕ್ಷಿಸಬೇಕು.

ಲೆಕ್ಕ ಹಾಕಿ ನೋಡಿ. ಭೂಮಿಯ ಬಳಿ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಸೂರ್ಯಶಕ್ತಿ ಬೀಳುತ್ತದೆ. ಕ್ಯೂಬ್‌ಸ್ಯಾಟಿನ ಒಂದು ಮುಖದ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಆದ್ದರಿಂದ ಅದಕ್ಕೆ ದಕ್ಕುವುದು ಹೆಚ್ಚೆಂದರೆ 13.6 ವ್ಯಾಟ್. ಮುಖದ ತುಂಬ ಸೌರಕೋಶ ಹಿಡಿಸುವುದಿಲ್ಲ, ಒಳ್ಳೆಯ ಕೋಶವೂ ಬಿದ್ದ ಬೆಳಕಿನಲ್ಲಿ ಶೇಕಡಾ 30ರ ಆಸುಪಾಸನ್ನಷ್ಟೇ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಅಲ್ಲದೆ 500 ಕಿಲೋಮೀಟರ್ ಎತ್ತರದಲ್ಲಿ ಸುಮಾರು 95 ನಿಮಿಷದ ಒಂದೊಂದು ಸುತ್ತಿನಲ್ಲೂ 35 ನಿಮಿಷದಷ್ಟು ಹೊತ್ತು ಉಪಗ್ರಹ ಭೂಮಿಯ ನೆರಳಿನಲ್ಲಿರಬಹುದು. ಕೊನೆಗೆ ಸರಾಸರಿಯಾಗಿ ಕೈಗೆ ಸಿಗುವುದು ಒಂದೆರಡು ವ್ಯಾಟ್. ಕಂಪ್ಯೂಟರ್, ರೇಡಿಯೊ, ಪ್ರಯೋಗದ ಉಪಕರಣ ಎಲ್ಲವೂ ಇಷ್ಟರಲ್ಲೇ ಬದುಕಬೇಕು. ಯುರೋಪಿನ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಕ್ಯೂಬ್‌ಸ್ಯಾಟಿಗಿಂತ ಎಷ್ಟೋ ದೊಡ್ಡದಾದ ಎಸ್‌ಸೆಟಿ ಎಕ್ಸ್‌ಪ್ರೆಸ್ ಉಪಗ್ರಹ 2005ರಲ್ಲಿ ಬ್ಯಾಟರಿ ಚಾರ್ಜ್ ಆಗದೆ ಒಂದು ದಿನ ತುಂಬುವ ಮುನ್ನವೇ ನಿಂತುಹೋಯಿತು.

ರೇಡಿಯೊದ ಕಷ್ಟ ಬೇರೆ ಬಗೆಯದು. ಪೆಟ್ಟಿಗೆಯಿಂದ ಹೊರಬಂದ ಮೇಲೆ ಕನಿಷ್ಠ ಅರ್ಧ ಗಂಟೆ ಆಂಟೆನಾ ಬಿಚ್ಚಬಾರದೆಂಬ ನಿಯಮವಿದೆ. ಆಮೇಲೆ, ಮಡಚಿಟ್ಟ ಆಂಟೆನಾವನ್ನು ಬಿಗಿದ ನೈಲಾನ್ ದಾರವನ್ನು ಬಿಸಿ ತಂತಿಯೊಂದು ಸುಡುತ್ತದೆ, ಆಂಟೆನಾ ಚಿಮ್ಮಿ ನೆಟ್ಟಗಾಗುತ್ತದೆ. ಪ್ರಯೋಗಾಲಯದ ಗಾಳಿಯಲ್ಲಿ ಸಲೀಸಾಗಿ ಸುಟ್ಟ ದಾರ ನಿರ್ವಾತದಲ್ಲಿ, ಚಳಿಯಲ್ಲಿ, ಅರ್ಧ ಖಾಲಿಯಾದ ಬ್ಯಾಟರಿಯಿಂದಲೂ ಸುಡುತ್ತದೆಯೇ ಎಂದು ನೋಡದೆ ಹೋದ ತಂಡಕ್ಕೆ ಆ ಒಂದು ಕ್ಷಣದಲ್ಲೇ ಎಲ್ಲವೂ ಮುಗಿಯಬಹುದು. ಆಂಟೆನಾ ತೆರೆದರೂ ನೆಲದ ಮೇಲಿನ ನಿಮ್ಮ ಸಂಪರ್ಕ ಕೇಂದ್ರಕ್ಕೆ ಉಪಗ್ರಹ ದಿನಕ್ಕೆ ಕೆಲವು ಬಾರಿ, ಒಮ್ಮೆಗೆ ಹತ್ತು ನಿಮಿಷದ ಆಸುಪಾಸು ಮಾತ್ರ ಕಾಣಿಸುತ್ತದೆ. ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ವೇಗದಲ್ಲಿ ಅದು ಓಡುವುದರಿಂದ 435 ಮೆಗಾಹರ್ಟ್ಸ್ ಸಂಕೇತದ ಆವರ್ತನ ಸುಮಾರು ಹತ್ತು ಕಿಲೋಹರ್ಟ್ಸ್‌ನಷ್ಟು ಅತ್ತಿತ್ತ ಸರಿಯುತ್ತದೆ. ಸಂಕೇತ ಹಿಡಿಯುವ ರೇಡಿಯೊವನ್ನು ಅದಕ್ಕೆ ತಕ್ಕಂತೆ ಕ್ಷಣಕ್ಷಣವೂ ಹೊಂದಿಸುತ್ತಿರಬೇಕು.

ನನ್ನ ಸಲಹೆ ಇಷ್ಟು: ನಿಮ್ಮಲ್ಲಿರುವ ಕಾಲದ ಅರ್ಧವನ್ನು ಪರೀಕ್ಷೆಗೆ ಮೀಸಲಿಡಿ, ಅದಕ್ಕಾಗಿ ಪ್ರಯೋಗದ ಉಪಕರಣವನ್ನು ಚಿಕ್ಕದು ಮಾಡಬೇಕಾದರೂ ಸರಿ. ಕಂಪನ ಪರೀಕ್ಷೆ ಮತ್ತು ಬಿಸಿ-ಚಳಿಯ ನಿರ್ವಾತ ಪರೀಕ್ಷೆಯನ್ನು ಉಡಾವಣೆಯವರು ಕೇಳಿಯೇ ಕೇಳುತ್ತಾರೆ. ಯಾರೂ ಕೇಳದ ಒಂದು ಪರೀಕ್ಷೆಯನ್ನು ನೀವಾಗಿಯೇ ಮಾಡಿ. ಇಡೀ ಉಪಗ್ರಹವನ್ನು ಜೋಡಿಸಿ, ಎಲ್ಲ ಕೇಬಲ್‌ಗಳನ್ನು ಕಿತ್ತು, ಸೌರಕೋಶ ಮತ್ತು ಬ್ಯಾಟರಿಯ ಮೇಲೆಯೇ ವಾರಗಟ್ಟಲೆ ನಡೆಸಿ. ಅದರೊಂದಿಗೆ ರೇಡಿಯೊ ಮೂಲಕ ಮಾತ್ರ ಮಾತನಾಡಿ. ಬ್ಯಾಟರಿ ಪೂರ್ತಿ ಬರಿದಾಗಲು ಬಿಟ್ಟು, ಬೆಳಕು ಬಿದ್ದಾಗ ಅದು ತಾನಾಗಿ ಎದ್ದೇಳುತ್ತದೆಯೇ ಎಂದು ನೋಡಿ. ಬಿಡಿಬಿಡಿಯಾಗಿ ಸರಿಯಿದ್ದ ಭಾಗಗಳು ಒಟ್ಟಾದಾಗ ಜಗಳವಾಡುವುದು ಇಲ್ಲಿಯೇ ಹೊರಬೀಳುತ್ತದೆ.

ಪ್ರಶ್ನೆ: ನಮ್ಮ ತಂಡದ ಹಿರಿಯರು ಪದವಿ ಮುಗಿಸಿ ಹೊರಟರೆಂದರೆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಏನು ಮಾಡಬೇಕು?
– ವಿದ್ಯಾರ್ಥಿ ತಂಡವೊಂದರ ಸದಸ್ಯ

ಉತ್ತರ: ತಂತ್ರಜ್ಞಾನದ ಕಷ್ಟಗಳಿಗಿಂತ ಇದು ದೊಡ್ಡದೆಂದು ನಾನು ಭಾವಿಸುತ್ತೇನೆ. ನಾನು ಕೆಲವು ಕಾಲ ಸಲಹೆ ಕೊಡುತ್ತಿದ್ದ ತಂಡವೊಂದರಲ್ಲಿ ವಿದ್ಯುತ್ ಬೋರ್ಡಿನ ಒಂದು ರೆಸಿಸ್ಟರನ್ನು (ವಿದ್ಯುತ್ ಹರಿವನ್ನು ತಡೆಯುವ ಬಿಡಿಭಾಗ) ನಕ್ಷೆಯಲ್ಲಿದ್ದದ್ದಕ್ಕಿಂತ ಬೇರೆ ಮೌಲ್ಯದ್ದಾಗಿ ಹಾಕಲಾಗಿತ್ತು. ಹಾಕಿದವನು ಕೆಲಸಕ್ಕೆ ಸೇರಿ ಹೊರಟುಹೋಗಿದ್ದ. ಹೊಸಬರು ಅದನ್ನು ತಪ್ಪೆಂದು ತಿಳಿದು ನಕ್ಷೆಯಂತೆ ತಿದ್ದಿದರು, ಮರುದಿನವೇ ಬ್ಯಾಟರಿಯ ರಕ್ಷಣಾ ವಿದ್ಯುನ್ಮಂಡಲ ಅಕಾರಣವಾಗಿ ವಿದ್ಯುತ್ತನ್ನು ಕಡಿದುಹಾಕತೊಡಗಿತು. ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು. ಆದ್ದರಿಂದ ಏನು ಮಾಡಿದಿರಿ ಎಂಬುದರ ಜೊತೆಗೆ ಏಕೆ ಮಾಡಿದಿರಿ ಎಂಬುದನ್ನೂ, ಕೈಬಿಟ್ಟ ದಾರಿಗಳನ್ನೂ ಅದೇ ದಿನ ಬರೆದಿಡಿ. ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ವರ್ಷದ ಇಬ್ಬರನ್ನು ನೇಮಿಸಿ. ಹೊರಡುವ ಹಿರಿಯರು ಒಂದು ಇಡೀ ಅವಧಿ ಕೈಕಟ್ಟಿ ಪಕ್ಕದಲ್ಲಿ ಕುಳಿತು ಕಿರಿಯರಿಂದಲೇ ಕೆಲಸ ಮಾಡಿಸಲಿ. ಪ್ರಶ್ನೆಗಳು ಆಗ ತಾವಾಗಿ ಹುಟ್ಟುತ್ತವೆ.

ಪ್ರಶ್ನೆ: ಉಪಗ್ರಹ ಕಟ್ಟುವಷ್ಟು ಶಕ್ತಿ ನಮಗಿಲ್ಲ. ಬೇರೆ ದಾರಿ ಇದೆಯೇ?
– ಜೀವಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಖಂಡಿತ ಇದೆ. ಸುಮಾರು 30 ಕಿಲೋಮೀಟರ್ ಎತ್ತರಕ್ಕೇರುವ ಬಲೂನಿನಲ್ಲಿ ಉಪಕರಣ ಕಳುಹಿಸಬಹುದು. ಜರ್ಮನಿ ಮತ್ತು ಸ್ವೀಡನ್ ಸೇರಿ ನಡೆಸುವ ರೆಕ್ಸಸ್-ಬೆಕ್ಸಸ್ ಕಾರ್ಯಕ್ರಮವು ಯುರೋಪಿನ ವಿದ್ಯಾರ್ಥಿಗಳ ಪ್ರಯೋಗಗಳನ್ನು ರಾಕೆಟ್ ಮತ್ತು ಬಲೂನುಗಳಲ್ಲಿ ಹಾರಿಸುತ್ತದೆ. ಜರ್ಮನಿಯ ಬ್ರೆಮೆನ್‌ನಲ್ಲಿರುವ 146 ಮೀಟರಿನ ಪತನ ಗೋಪುರದಲ್ಲಿ ವಸ್ತುವನ್ನು ಬೀಳಿಸಿದರೆ ಸುಮಾರು 4.7 ಸೆಕೆಂಡ್, ಕೆಳಗಿನಿಂದ ಚಿಮ್ಮಿಸಿದರೆ ಅದರ ಎರಡರಷ್ಟು ಹೊತ್ತು ತೂಕರಹಿತ ಸ್ಥಿತಿ ಸಿಗುತ್ತದೆ. ದ್ರವ ಅಥವಾ ಜ್ವಾಲೆಯ ವರ್ತನೆಯನ್ನು ನೋಡಲು ಅದು ಸಾಕು. ಜೀವಕೋಶಗಳ ಬೆಳವಣಿಗೆಗೆ ಮಾತ್ರ ದಿನಗಟ್ಟಲೆ ಕಾಲ ಬೇಕು. ಅಂಥ ಪ್ರಯೋಗವನ್ನು ಬೇರೆಯವರ ಉಪಗ್ರಹದಲ್ಲಿ ಅಥವಾ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದಿಷ್ಟು ಜಾಗ ಕೇಳಿಯೇ ಮಾಡಬೇಕಾಗುತ್ತದೆ.