ಅಮ್ಮ ದಿನಾ ಉಪ್ಪಿನಕಾಯಿ ತಿನ್ನುತ್ತಾರೆ, ಆದರೂ ರಕ್ತದಲ್ಲಿ ಸೋಡಿಯಂ ಕಡಿಮೆ ಹೇಗೆ?

ನಿಮ್ಮ ತಾಯಿಗೆ 72 ವರ್ಷ, ಸೋಡಿಯಂ 124 ಬಂದಿದೆ, ಊಟಕ್ಕೆ ಉಪ್ಪು ಜಾಸ್ತಿ ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹಾಕಬೇಡಿ. ನಾನು ನರ್ಸಿಂಗ್ ಮಕ್ಕಳಿಗೆ ಫಿಸಿಯಾಲಜಿ ಪಾಠ ಮಾಡುತ್ತೇನೆ. ನಮ್ಮ ಮನೆಯಲ್ಲೂ ಮೂರು ವರ್ಷದ ಹಿಂದೆ ಇದೇ ಆಗಿತ್ತು.

ಸಾರು ಸಪ್ಪೆಯಾದರೆ ಉಪ್ಪು ಕಡಿಮೆ ಬಿದ್ದಿರಬಹುದು, ಇಲ್ಲಾ ನೀರು ಜಾಸ್ತಿ ಆಗಿರಬಹುದು, ಅಲ್ವಾ? ರಿಪೋರ್ಟಿನ 124 ಕೂಡ ಅಂಥದ್ದೇ. ಅದು ಮೈಯಲ್ಲಿರುವ ಒಟ್ಟು ಉಪ್ಪಿನ ಲೆಕ್ಕ ಅಲ್ಲ. ಒಂದು ಲೀಟರಿಗೆ ಎಷ್ಟು ಸೋಡಿಯಂ ಅನ್ನುವ ಲೆಕ್ಕ. 135ರಿಂದ 145 ಇರಬೇಕು. ವಯಸ್ಸಾದವರಲ್ಲಿ ಅದು ಇಳಿದಾಗ ಹೆಚ್ಚಿನ ಸಲ ಕೆಟ್ಟಿರುವುದು ನೀರಿನ ಲೆಕ್ಕ.

ಉಪ್ಪನ್ನು ಕಿಡ್ನಿ ಸುಮ್ನೆ ಬಿಟ್ಟುಕೊಡುವುದಿಲ್ಲ. ಪಾಠದ ದಿನ ನಾನು ಮೇಜಿನ ಮೇಲೆ ಒಂದೂವರೆ ಕೆಜಿ ಉಪ್ಪು ಸುರಿಯುತ್ತೇನೆ. ಪಕ್ಕದಲ್ಲಿ ಒಂದೂವರೆ ಟೀ ಚಮಚ ಉಪ್ಪು ಇಡುತ್ತೇನೆ. ಕಿಡ್ನಿಗಳು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ನೀರು ಸೋಸುತ್ತವೆ. ಅದರ ಜೊತೆ ಆ ದೊಡ್ಡ ರಾಶಿಯಷ್ಟು ಉಪ್ಪೂ ಸೋಸಿ ಹೋಗುತ್ತದೆ. ಆಮೇಲೆ ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ ಎಳೆದುಕೊಂಡು, ನಾವು ತಿಂದಷ್ಟನ್ನು ಮಾತ್ರ, ಅಂದರೆ ಆ ಚಮಚದ ಉಪ್ಪನ್ನು, ಮೂತ್ರದಲ್ಲಿ ಬಿಡುತ್ತವೆ. ಮೂರರಲ್ಲಿ ಎರಡು ಪಾಲು ಕಿಡ್ನಿಯೊಳಗಿನ ಸಣ್ಣ ಕೊಳವೆಗಳ ಮೊದಲ ಭಾಗದಲ್ಲೇ ವಾಪಸ್. ಕೊನೆಯ ಚೂರುಪಾರನ್ನು ಹಿಡಿಯಬೇಕೋ ಬಿಡಬೇಕೋ ಅನ್ನುವುದನ್ನು ಆಲ್ಡೋಸ್ಟಿರಾನ್ ಎಂಬ ಹಾರ್ಮೋನ್ ನೋಡಿಕೊಳ್ಳುತ್ತದೆ. ಬಿಪಿ ಇಳಿದರೆ ಕಿಡ್ನಿ ರೆನಿನ್ ಎಂಬ ಕಿಣ್ವ ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್ ಎಂಬ ಇನ್ನೊಂದು ಹಾರ್ಮೋನ್ ತಯಾರಾಗಿ, ಕಿಡ್ನಿಯ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರಾನ್ ಬರುತ್ತದೆ. ಉಪ್ಪು ಜಾಸ್ತಿಯಾಗಿ ರಕ್ತ ತುಂಬಿಕೊಂಡರೆ ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ಉಪ್ಪನ್ನು ಹೊರಗೆ ಕಳಿಸುವ ಬೇರೆ ಹಾರ್ಮೋನ್ ಬಿಡುತ್ತವೆ. ಹೃದಯವೂ ಹಾರ್ಮೋನ್ ಮಾಡುತ್ತದೆ ಅಂದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡುವುದೇ ನನಗೆ ಖುಷಿ.

ಆದರೆ ಉಪ್ಪು ನಿಂತರೆ ಅದರ ಜೊತೆ ನೀರೂ ನಿಲ್ಲುತ್ತದೆ. ಹಾಗಾಗಿ ಬಿಪಿ ಏರಬಹುದು, ಕಾಲು ಊದಬಹುದು, ರಿಪೋರ್ಟಿನ ಸಂಖ್ಯೆ ಮಾತ್ರ ಅಷ್ಟಾಗಿ ಅಲ್ಲಾಡುವುದಿಲ್ಲ. ಆ ಸಂಖ್ಯೆಯನ್ನು ಕಾಯುವುದು ಮಿದುಳಿನಿಂದ ಬರುವ ಎಡಿಎಚ್ ಎಂಬ ಹಾರ್ಮೋನ್. ಸಾಂದ್ರತೆ ಶೇಕಡಾ 1–2 ಬದಲಾದರೂ ಮಿದುಳಿಗೆ ಗೊತ್ತಾಗುತ್ತದೆ. ಎಡಿಎಚ್ ಬಂದರೆ ಕಿಡ್ನಿ ನೀರು ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ನ್ಯುಮೋನಿಯಾ, ವಾಂತಿ, ತುಂಬಾ ನೋವು, ಖಿನ್ನತೆಯ ಕೆಲವು ಮಾತ್ರೆಗಳು, ಇಂಥ ಕಡೆ ಅದು ನಿಲ್ಲಬೇಕಾದಾಗಲೂ ನಿಲ್ಲುವುದಿಲ್ಲ. ಕುಡಿದ ನೀರು ಒಳಗೇ ಉಳಿದು ಸೋಡಿಯಂ ತೆಳುವಾಗುತ್ತದೆ.

ನಮ್ಮಮ್ಮನಿಗೆ ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ ಶುರುವಾಗಿತ್ತು. ಆ ಮಾತ್ರೆ ಉಪ್ಪನ್ನು ಹೊರಗೆ ಕಳಿಸುತ್ತದೆ, ಜಾಸ್ತಿಯಾದ ನೀರನ್ನು ಹೊರಹಾಕುವ ಕಿಡ್ನಿಯ ಶಕ್ತಿಯನ್ನೂ ಕುಗ್ಗಿಸುತ್ತದೆ. ಅದರ ಮೇಲೆ ನೀರು ಚೆನ್ನಾಗಿ ಕುಡಿಯಿರಿ ಅಂತ ಯಾರೋ ಹೇಳಿದ್ದರು. ಸ್ಟೀಲ್ ಚೊಂಬು ಪಕ್ಕದಲ್ಲೇ ಇಟ್ಟುಕೊಂಡು ಕುಡಿಯುತ್ತಿದ್ದರು, ಊಟ ಮಾತ್ರ ಬರೀ ಗಂಜಿ. ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿಹೋಗಿದೆ, ಅಮ್ಮ ಎದುರಿಗೇ ನಿಂತಿದ್ದಾರೆ, ನನ್ನನ್ನು ಮಾವನ ಹೆಸರಿನಿಂದ ಕರೆಯುತ್ತಿದ್ದಾರೆ. ಪರೀಕ್ಷೆ ಮಾಡಿಸಿದರೆ 117.

ಆಸ್ಪತ್ರೆಯಲ್ಲಿ ಆ ಮಾತ್ರೆ ನಿಲ್ಲಿಸಿ, ಶೇಕಡಾ 3ರ ಉಪ್ಪಿನ ಡ್ರಿಪ್ ಅಳತೆಯಲ್ಲಿ ಕೊಟ್ಟರು. ಸೋಡಿಯಂ ಸಂಖ್ಯೆ ದಿನಕ್ಕೆ ಸುಮಾರು 8ಕ್ಕಿಂತ ಜಾಸ್ತಿ ಏರದಂತೆ ಪದೇ ಪದೇ ರಕ್ತ ತೆಗೆದು ನೋಡುತ್ತಿದ್ದರು. ಕೆಲವು ದಿನಗಳಿಂದ ಇಳಿದಿದ್ದ ಸೋಡಿಯಂ ಒಮ್ಮೆಲೇ ಏರಿದರೆ ಮಿದುಳಿಗೇ ಪೆಟ್ಟು.

ಅದಕ್ಕೇ ಮನೆಯಲ್ಲಿ ಉಪ್ಪಿನ ಪ್ರಯೋಗ ಬೇಡ. ತಾಯಿಗೆ ಮಂಪರು, ಗೊಂದಲ, ವಾಂತಿ, ಫಿಟ್ಸ್ ಏನಾದರೂ ಇದ್ದರೆ ಈ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೂ ನಾಳೆ ಡಾಕ್ಟರಿಗೆ ತೋರಿಸುವುದನ್ನು ತಪ್ಪಿಸಬೇಡಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಮೂತ್ರದ ಸೋಡಿಯಂ ಮತ್ತು ಆಸ್ಮೊಲಾಲಿಟಿ (ಎಷ್ಟು ಸಾಂದ್ರವಾಗಿದೆ ಅನ್ನುವ ಅಳತೆ) ಪರೀಕ್ಷೆ ಬೇಕಾ ಅಂತ ಕೇಳಿ. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಅನ್ನುವುದನ್ನೂ ಬರೆದುಕೊಂಡು ಹೋಗಿ. ನಮ್ಮಮ್ಮನ ಚೊಂಬಿನ ವಿಷಯ ಎರಡು ದಿನ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.